ಆಟಕ್ಕುಂಟು, ಲೆಕ್ಕಕ್ಕಿಲ್ಲ: ಡೀಕನ್ ಜೋನ್ಸ್ ಮತ್ತು ಯಾರೂ ಬರೆದಿಡದ ಸ್ಯಾಕ್‌ಗಳು

ಬೀದಿಯಲ್ಲಿ ಲಗೋರಿ ಆಡುವಾಗ ‘ನಾನೂ ಬರ್ತೀನಿ’ ಎಂದು ಅಳುತ್ತ ಬೆನ್ನು ಹತ್ತುವ ಪುಟ್ಟ ತಮ್ಮನಿಗೆ ನಮ್ಮಲ್ಲೊಂದು ಉಪಾಯವಿದೆ. ‘ಬಾರೋ, ನೀನು ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂದುಬಿಡುವುದು. ಅವನು ಓಡಬಹುದು, ಚೆಂಡು ಎಸೆಯಬಹುದು. ಆದರೆ ಔಟಾದರೂ ಔಟಲ್ಲ, ಗುರಿ ತಾಗಿದರೂ ಅಂಕವಿಲ್ಲ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್, ಎದುರಾಳಿಗಳ ನಿದ್ದೆ ಕೆಡಿಸುತ್ತಿದ್ದ ಆರೂವರೆ ಅಡಿಯ ಒಬ್ಬ ಆಟಗಾರನನ್ನು 14 ವರ್ಷ ಹೆಚ್ಚು ಕಡಿಮೆ ಹೀಗೆಯೇ ಆಡಿಸಿತು. ಅವರು ಡೀಕನ್ ಜೋನ್ಸ್. ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವ ಕೆಲಸಕ್ಕೆ ‘ಸ್ಯಾಕ್’ ಎಂಬ ಹೆಸರು ಬಾಯಿಂದ ಬಾಯಿಗೆ ಹರಡಿದ್ದು ಅವರಿಂದ. ಅಧಿಕೃತ ದಾಖಲೆಯಲ್ಲಿ ಅವರ ಹೆಸರಿನ ಮುಂದೆ ಒಂದೇ ಒಂದು ಸ್ಯಾಕ್ ಇಲ್ಲ.

ಈ ಆಟ ನೋಡಿ ಅಭ್ಯಾಸವಿಲ್ಲದವರಿಗೆ ಇಷ್ಟು ಗೊತ್ತಿದ್ದರೆ ಸಾಕು. ದಾಳಿ ಮಾಡುವ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಚೆಂಡು ಹಿಡಿದು, ಯಾರಿಗೆ ಎಸೆಯಬೇಕೆಂದು ನೋಡುತ್ತ ನಿಲ್ಲುವವನು ಕ್ವಾರ್ಟರ್‌ಬ್ಯಾಕ್. ಅವನ ಮುಂದೆ ಐದು ದಢೂತಿ ಆಳುಗಳ ಗೋಡೆ. ಆ ಗೋಡೆಯ ಅಂಚಿನಿಂದ ನುಗ್ಗಿ, ಚೆಂಡು ಕೈಬಿಡುವ ಮೊದಲೇ ಅವನನ್ನು ನೆಲಕ್ಕೆ ಕೆಡವುವುದು ಡಿಫೆನ್ಸಿವ್ ಎಂಡ್‌ನ ಕಸುಬು. ಕೆಡವಿದರೆ ಒಂದು ಅವಕಾಶ ಹೋಯಿತು, ಜೊತೆಗೆ ಐದಾರು ಗಜ ನೆಲವೂ ಹೋಯಿತು. ಕಬಡ್ಡಿಯಲ್ಲಿ ರೈಡರ್‌ನ ಕಾಲು ಹಿಡಿದವನ ಹೆಸರು ಟ್ಯಾಕಲ್ ಪಾಯಿಂಟ್ ಸಮೇತ ಟಿವಿ ಪರದೆಯ ಮೇಲೆ ಬರುತ್ತದೆ. ಎನ್‌ಎಫ್‌ಎಲ್‌ನಲ್ಲಿ 1982ರವರೆಗೆ ಹೀಗೆ ಕೆಡವಿದವನ ಹೆಸರಿಗೆ ಅಧಿಕೃತ ಅಂಕಿಅಂಶವೇ ಇರಲಿಲ್ಲ. ದಾಳಿಯ ತಂಡ ಎಷ್ಟು ಗಜ ಕಳೆದುಕೊಂಡಿತು ಎಂಬುದು ಪುಸ್ತಕದಲ್ಲಿರುತ್ತಿತ್ತು. ಸೋತವನ ಖಾತೆಗೆ ಖರ್ಚು ಬರೆದರು, ಗೆದ್ದವನ ಖಾತೆಗೆ ಜಮೆ ಬರೆಯಲಿಲ್ಲ.

ಹುಟ್ಟಿದಾಗ ಅವರ ಹೆಸರು ಡೇವಿಡ್ ಜೋನ್ಸ್. 1938ರ ಡಿಸೆಂಬರ್ 9ರಂದು ಫ್ಲಾರಿಡಾದ ಈಟನ್‌ವಿಲ್‌ನಲ್ಲಿ ಜನನ. ಒರ್ಲ್ಯಾಂಡೊ ಪಕ್ಕದ ಈ ಸಣ್ಣ ಊರಿಗೆ ದೊಡ್ಡ ಇತಿಹಾಸವಿದೆ. ಕಪ್ಪು ಜನರೇ ಕಟ್ಟಿ, ತಮ್ಮದೇ ಆಡಳಿತ ನಡೆಸಿಕೊಂಡು 1887ರಲ್ಲಿ ಪುರಸಭೆಯಾದ ಊರು ಅದು. ಊರೊಳಗೆ ಒಂದು ಬಗೆಯ ಸ್ವಾತಂತ್ರ್ಯ, ಗಡಿ ದಾಟಿದರೆ ವರ್ಣಭೇದದ ದಕ್ಷಿಣ. ಹುಡುಗನಾಗಿದ್ದಾಗ ಚರ್ಚಿನಿಂದ ಹೊರಬರುತ್ತಿದ್ದ ವೃದ್ಧೆಯೊಬ್ಬಳ ತಲೆಗೆ ಕಾರಿನಲ್ಲಿ ಹೋಗುತ್ತಿದ್ದ ಬಿಳಿಯ ಹುಡುಗರು ಕಲ್ಲಂಗಡಿ ಹಣ್ಣು ಬೀಸಿ ಒಗೆದಿದ್ದನ್ನು ತಾವು ಕಣ್ಣಾರೆ ಕಂಡದ್ದಾಗಿ ಜೋನ್ಸ್ ಹೇಳಿದ್ದಾರೆ. ಕೆಲವು ದಿನಗಳಲ್ಲಿ ಆಕೆ ತೀರಿಕೊಂಡಳು. ಪೊಲೀಸ್ ತನಿಖೆ ನಡೆಯಲಿಲ್ಲ. ಎದೆಯಲ್ಲಿ ಕುದಿಯುತ್ತಿದ್ದ ಸಿಟ್ಟಿಗೆ ಫುಟ್‌ಬಾಲ್ ಒಂದು ದಾರಿ ಮಾಡಿಕೊಟ್ಟಿತು ಎಂದು ಅವರು ಮುಂದೆ ಹೇಳುತ್ತಿದ್ದರು.

ದಾರಿ ಸಲೀಸಾಗಿರಲಿಲ್ಲ. ಸೌತ್ ಕ್ಯಾರೊಲಿನಾ ಸ್ಟೇಟ್ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಸಿಕ್ಕಿತ್ತು. ನಾಗರಿಕ ಹಕ್ಕುಗಳ ಪ್ರತಿಭಟನೆಯಲ್ಲಿ ಪಾಲ್ಗೊಂಡರೆಂದು ಕಾಲೇಜು ಅದನ್ನು ಕಿತ್ತುಕೊಂಡಿತು. ಅಲ್ಲಿಂದ ಮಿಸಿಸಿಪ್ಪಿ ವೊಕೇಶನಲ್ ಕಾಲೇಜು. ಆ ರಾಜ್ಯದ ಮೋಟೆಲ್‌ಗಳಲ್ಲಿ ಕಪ್ಪು ಆಟಗಾರರಿಗೆ ಕೋಣೆ ಕೊಡುತ್ತಿರಲಿಲ್ಲ. ಪಂದ್ಯಕ್ಕೆ ಹೋದ ಊರಿನಲ್ಲಿ ಎದುರಾಳಿ ಕಾಲೇಜಿನ ಜಿಮ್‌ನಲ್ಲೇ ಮಡಚುವ ಮಂಚ ಹಾಕಿಕೊಂಡು ಮಲಗಬೇಕಿತ್ತು. ಇಂಥ ಕಾಲೇಜುಗಳತ್ತ ವೃತ್ತಿಪರ ತಂಡಗಳ ಕಣ್ಣು ಹಾಯುತ್ತಿದ್ದದ್ದೇ ಅಪರೂಪ. ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದವರು ಬೇರೆ ಯಾರನ್ನೋ ಅಳೆಯಲು ಪಂದ್ಯದ ಫಿಲ್ಮ್ ಹಾಕಿಕೊಂಡು ಕೂತಿದ್ದಾಗ, ಚೆಂಡು ಹಿಡಿದು ಓಡುವವರನ್ನೇ ಹಿಂದಿಕ್ಕಿ ಓಡುತ್ತಿದ್ದ ದೈತ್ಯನೊಬ್ಬ ಪರದೆಯ ಮೇಲೆ ಕಂಡನಂತೆ. ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ 1961ರ ಆಯ್ಕೆಯಲ್ಲಿ 14ನೇ ಸುತ್ತಿನಲ್ಲಿ, 186ನೆಯವರಾಗಿ ರ‍್ಯಾಮ್ಸ್ ಅವರನ್ನು ಕರೆದುಕೊಂಡಿತು. ಸಂತೆ ಮುಗಿಯುವ ಹೊತ್ತಿಗೆ ಬುಟ್ಟಿಯಲ್ಲಿ ಉಳಿದ ತರಕಾರಿ ಕೊಂಡಂತೆ.

ಲಾಸ್ ಏಂಜಲೀಸಿಗೆ ಬಂದವರು ಮೊದಲು ಮಾಡಿದ್ದು ಹೆಸರು ಬದಲಾಯಿಸಿಕೊಂಡದ್ದು. ಟೆಲಿಫೋನ್ ಡೈರೆಕ್ಟರಿ ತೆರೆದರೆ ಡೇವಿಡ್ ಜೋನ್ಸ್‌ಗಳ ಸಾಲೇ ಇತ್ತು. ಇಂಥ ಹೆಸರಿಟ್ಟುಕೊಂಡರೆ ಯಾರು ನೆನಪಿಟ್ಟುಕೊಳ್ಳುತ್ತಾರೆ? ಡೀಕನ್ ಎಂದರೆ ಚರ್ಚಿನಲ್ಲಿ ಪಾದ್ರಿಗೆ ನೆರವಾಗುವ ಹಿರಿಯ. ಅಷ್ಟು ಸಾತ್ವಿಕ ಹೆಸರು ಹೊತ್ತವನು ಎದುರಾಳಿಯ ಕಪಾಳಕ್ಕೆ ಬಾರಿಸುವ ತಮಾಷೆ ಅವರಿಗೆ ಇಷ್ಟವಾಗಿತ್ತು. ಲೆಕ್ಕ ಬರೆಯುವವರು ತನ್ನನ್ನು ಕಾಣುವುದಿಲ್ಲ ಎಂಬುದನ್ನು ಈ ಮನುಷ್ಯ ಬಹಳ ಮೊದಲೇ ಅರಿತಿದ್ದರೋ ಏನೋ ಎಂದು ನನಗೆ ಆಗಾಗ ಅನಿಸುತ್ತದೆ. ಅಂಕಿ ಇಲ್ಲದಿದ್ದರೇನು, ಕನಿಷ್ಠ ಪದವಾದರೂ ಉಳಿಯಲಿ.

ಪದವೇನೋ ಉಳಿಯಿತು. ಇಂಗ್ಲಿಷಿನಲ್ಲಿ ಸ್ಯಾಕ್ ಎಂದರೆ ಗೋಣಿಚೀಲವೂ ಹೌದು, ಗೆದ್ದ ಸೈನ್ಯ ಊರನ್ನು ಕೊಳ್ಳೆಹೊಡೆದು ಹಾಳುಗೆಡಹುವುದೂ ಹೌದು. ಜೋನ್ಸ್ ಎರಡೂ ಅರ್ಥಗಳನ್ನು ಸಮಯಕ್ಕೆ ತಕ್ಕಂತೆ ಬಳಸಿದರು. ಎದುರಾಳಿಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಬೇಸ್‌ಬಾಲ್ ದಾಂಡಿನಿಂದ ಬಡಿಯುವುದು ಎಂಬುದು ಒಂದು ವಿವರಣೆ, ನಗರವನ್ನು ನೆಲಸಮ ಮಾಡಿದಂತೆ ಎಂಬುದು ಇನ್ನೊಂದು. ಈ ಪದದ ಹಕ್ಕುದಾರಿಕೆಗೆ ತಕರಾರಿಲ್ಲದೆ ಇಲ್ಲ. ಕೋಚ್ ಜಾರ್ಜ್ ಆಲನ್, ಡಲ್ಲಾಸ್ ತಂಡದ ಕ್ವಾರ್ಟರ್‌ಬ್ಯಾಕ್ ಕ್ರೇಗ್ ಮಾರ್ಟನ್ ಹೆಸರನ್ನು ಮಾರ್ಟನ್ ಎಂಬ ಉಪ್ಪಿನ ಬ್ರ್ಯಾಂಡಿಗೆ ತಳುಕು ಹಾಕಿ ‘ಈ ಮಾರ್ಟನ್ ಉಪ್ಪನ್ನು ಚೀಲಕ್ಕೆ ಸುರಿಯೋಣ’ ಎಂದದ್ದೇ ಮೂಲ ಎನ್ನುವವರಿದ್ದಾರೆ. ಆ ಆಲನ್ ಕೂಡ ಜೋನ್ಸ್‌ರ ಗುರುವೇ. ಹಾಗಾಗಿ ಪದ ಹೇಗೂ ಮನೆಯೊಳಗಿನದೇ.

ಮರ್ಲಿನ್ ಓಲ್ಸನ್, ರೋಸಿ ಗ್ರಿಯರ್, ಲಮಾರ್ ಲಂಡಿ ಮತ್ತು ಜೋನ್ಸ್. 1963ರಿಂದ ರ‍್ಯಾಮ್ಸ್ ರಕ್ಷಣಾ ಸಾಲಿನಲ್ಲಿ ನಿಂತ ಈ ನಾಲ್ವರನ್ನು ‘ಫಿಯರ್‌ಸಮ್ ಫೋರ್‌ಸಮ್’ ಎಂದು ಕರೆದರು. ಭಯಂಕರ ಚತುಷ್ಟಯ ಅನ್ನೋಣ. ಎಡ ಅಂಚಿನಲ್ಲಿ ಜೋನ್ಸ್, ಅವರ ಒಳಮಗ್ಗುಲಲ್ಲಿ ಓಲ್ಸನ್. ಒಬ್ಬ ಒಳಗೆ ನುಗ್ಗಿ ಗೋಡೆಯ ಇಬ್ಬರನ್ನು ಎಳೆದುಕೊಂಡರೆ ಇನ್ನೊಬ್ಬ ಅವನ ಬೆನ್ನ ಹಿಂದಿನಿಂದ ಸುತ್ತಿ ಬರುವುದು ಈ ಜೋಡಿಯ ಪಟ್ಟು. ಗೋಡೆಯವರಿಗೆ ಯಾರು ಎಲ್ಲಿಂದ ಬರುತ್ತಾರೆಂದು ತಿಳಿಯುವುದರೊಳಗೆ ಕ್ವಾರ್ಟರ್‌ಬ್ಯಾಕ್ ಅಂಗಾತ ಬಿದ್ದಿರುತ್ತಿದ್ದ. ದಪ್ಪ ದೇಹದವರು ನೂಕಾಡಿ ದಾರಿ ಮಾಡಿಕೊಳ್ಳುವುದೇ ಆ ಜಾಗದ ರೂಢಿಯಾಗಿದ್ದಾಗ ಜೋನ್ಸ್ ಓಡಿ ಬರುತ್ತಿದ್ದರು. ಮೈದಾನದ ಒಂದಂಚಿನಿಂದ ಇನ್ನೊಂದಂಚಿಗೆ ಅಟ್ಟಿಸಿಕೊಂಡು ಹೋಗುತ್ತಿದ್ದರು. 1967 ಮತ್ತು 1968ರಲ್ಲಿ ಸತತ ಎರಡು ಬಾರಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರರೆನಿಸಿದರು, ಎಂಟು ಬಾರಿ ಆಯಾ ಋತುವಿನ ಶ್ರೇಷ್ಠ ಆಟಗಾರರ ಪಂದ್ಯವಾದ ಪ್ರೊ ಬೌಲ್‌ಗೆ ಆಯ್ಕೆಯಾದರು. ಚಾಂಪಿಯನ್ ಪಟ್ಟ ಮಾತ್ರ ಒಮ್ಮೆಯೂ ಸಿಗಲಿಲ್ಲ.

ಅವರ ಇನ್ನೊಂದು ಅಸ್ತ್ರ ಹೆಡ್ ಸ್ಲ್ಯಾಪ್. ಚೆಂಡು ಕದಲಿದ ಕ್ಷಣವೇ ಎದುರಿನವನ ಹೆಲ್ಮೆಟ್ಟಿಗೆ, ಕಿವಿಯ ಪಕ್ಕಕ್ಕೆ, ಅಂಗೈ ಅಗಲಿಸಿ ಛಟೀರನೆ ಬಾರಿಸುವುದು. ತಲೆಗೆ ಏಟು ಬೀಳುವಾಗ ಎಂಥ ಗಂಡಾಳಾದರೂ ಕಣ್ಣು ಮುಚ್ಚುತ್ತಾನೆ. ಆ ಒಂದು ರೆಪ್ಪೆ ಬಡಿತ ಸಾಕಿತ್ತು, ಜೋನ್ಸ್ ದಾಟಿಹೋಗುತ್ತಿದ್ದರು. ಈ ಪಟ್ಟನ್ನು ತಾನು ಕಂಡುಹಿಡಿದೆನೆಂದು ಅವರು ಹೇಳಿಕೊಳ್ಳಲಿಲ್ಲ. ಚಿತ್ರಕಲೆಯನ್ನು ಕಂಡುಹಿಡಿದವನು ರೆಂಬ್ರಾಂಟ್ ಅಲ್ಲವಲ್ಲ ಎಂದು ನಗುತ್ತಿದ್ದರು. 1977ರಲ್ಲಿ ಲೀಗ್ ಹೆಡ್ ಸ್ಲ್ಯಾಪನ್ನು ನಿಷೇಧಿಸಿತು. ಆ ಹೊತ್ತಿಗೆ ಅವರು ನಿವೃತ್ತರಾಗಿ ಎರಡು ವರ್ಷ ದಾಟಿತ್ತು.

ಹಳೆಯ ಕಪ್ಪು-ಬಿಳುಪು ಫಿಲ್ಮುಗಳಲ್ಲಿ ಆ ಹೊಡೆತ ನೋಡಿ ಜನ ಇಂದಿಗೂ ಚಪ್ಪಾಳೆ ತಟ್ಟುತ್ತಾರೆ. ನನಗೆ ಅದು ಅಷ್ಟು ಸುಲಭವಾಗಿ ಆಗುವುದಿಲ್ಲ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಗೋಡೆಯ ಮಧ್ಯೆ ನಿಲ್ಲುತ್ತಿದ್ದ ಮೈಕ್ ವೆಬ್‌ಸ್ಟರ್ 2002ರಲ್ಲಿ ತೀರಿಕೊಂಡಾಗ ಅವರ ಮಿದುಳನ್ನು ವೈದ್ಯ ಬೆನೆಟ್ ಒಮಾಲು ಪರೀಕ್ಷಿಸಿದರು. ಮತ್ತೆ ಮತ್ತೆ ತಲೆಗೆ ಬಿದ್ದ ಪೆಟ್ಟುಗಳಿಂದ ಬರುವ ಸಿಟಿಇ ಎಂಬ ಕಾಯಿಲೆಯನ್ನು ಎನ್‌ಎಫ್‌ಎಲ್ ಆಟಗಾರನೊಬ್ಬನಲ್ಲಿ ಮೊದಲು ಗುರುತಿಸಿದ್ದು ಆಗ. ವೆಬ್‌ಸ್ಟರ್ ವೃತ್ತಿ ಶುರುವಾದದ್ದು 1974ರಲ್ಲಿ, ಹೆಡ್ ಸ್ಲ್ಯಾಪ್ ಇನ್ನೂ ನಿಯಮಬದ್ಧವಾಗಿದ್ದಾಗ. ಅದೊಂದೇ ಕಾರಣ ಎಂದು ಯಾರೂ ಹೇಳಲಾರರು. ಆದರೆ ಯಾರೂ ಎಣಿಸದೆ ಬಿಟ್ಟದ್ದು ಸ್ಯಾಕ್‌ಗಳನ್ನು ಮಾತ್ರವಲ್ಲ.

ಇನ್ನು 1982. ಆ ವರ್ಷದಿಂದ ಪ್ರತಿ ಆಟಗಾರನ ಸ್ಯಾಕ್ ಅಧಿಕೃತ ಅಂಕಿಅಂಶವಾಯಿತು. ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ. ಮುಷ್ಕರದಿಂದಾಗಿ ಆ ಋತುವಿನಲ್ಲಿ ಪ್ರತಿ ತಂಡಕ್ಕೆ ಒಂಬತ್ತೇ ಪಂದ್ಯ ಸಿಕ್ಕವು. ಲೆಕ್ಕದ ಪುಸ್ತಕ ಹೊಸದು, ಹಿಂದಿನ ಬಾಕಿ ತರಲಿಲ್ಲ. ಲಾರೆನ್ಸ್ ಟೇಲರ್ ಎಂಬ ಮಹಾ ಆಟಗಾರ 1981ರಲ್ಲಿ ಮೊದಲ ವರ್ಷ ಆಡುವಾಗ ಮಾಡಿದ ಒಂಬತ್ತೂವರೆ ಸ್ಯಾಕ್ ಒಂದೇ ವರ್ಷದ ಅಂತರದಲ್ಲಿ ಕೈತಪ್ಪಿಹೋದವು. 1971ರಲ್ಲಿ ಇಡೀ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಗೆದ್ದ, ಮುಂದೆ ಮಿನ್ನೆಸೊಟಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೂ ಆದ ಆಲನ್ ಪೇಜ್ ಅವರ ಖಾತೆಯಲ್ಲೂ ಸೊನ್ನೆ.

ಕ್ರಿಕೆಟ್ ಓದುಗರಿಗೆ ಇದು ಹೊಸದೇನಲ್ಲ. ಎಷ್ಟೋ ಹಳೆಯ ಟೆಸ್ಟ್ ಇನಿಂಗ್ಸ್‌ಗಳಲ್ಲಿ ರನ್ ಇದೆ, ಬ್ಯಾಟರ್ ಎದುರಿಸಿದ ಎಸೆತಗಳ ಲೆಕ್ಕವಿಲ್ಲ. ಹಳೆಯ ಸ್ಕೋರ್ ಪುಸ್ತಕ ಸಿಕ್ಕರೆ ಯಾರಾದರೂ ಕೂತು ಎಣಿಸುತ್ತಾರೆ. ಇಲ್ಲಿ ಹಾಗೆ ಕೂತವರು ಜಾನ್ ಟರ್ನಿ ಮತ್ತು ನಿಕ್ ವೆಬ್‌ಸ್ಟರ್ ಎಂಬ ಸಂಶೋಧಕರು. ಪ್ರತಿ ಪಂದ್ಯದ ಆಟದಿಂದಾಟದ ವರದಿ ಹಾಳೆಗಳು ತಂಡಗಳ ಕಪಾಟುಗಳಲ್ಲಿ ಧೂಳು ತಿನ್ನುತ್ತಿದ್ದವು. ಯಾರು ಯಾರನ್ನು ಕೆಡವಿದರು ಎಂಬುದು ಆ ಹಾಳೆಗಳಲ್ಲಿ ಎಷ್ಟೋ ಕಡೆ ಇತ್ತು, ಕೂಡಿಸಿದವರು ಇರಲಿಲ್ಲ. ವರ್ಷಗಟ್ಟಲೆ ಅವನ್ನು ಹುಡುಕಿ, ಸಿಕ್ಕ ಫಿಲ್ಮುಗಳ ಜೊತೆ ತಾಳೆ ನೋಡಿ ಪಟ್ಟಿ ಮಾಡಿದರು. 1960ರಿಂದ 1981ರವರೆಗಿನ ಆ ಲೆಕ್ಕವನ್ನು 2021ರಲ್ಲಿ ಪ್ರೊ ಫುಟ್‌ಬಾಲ್ ರೆಫರೆನ್ಸ್ ಜಾಲತಾಣ ಪ್ರಕಟಿಸಿತು.

ಜೋನ್ಸ್ ಹೆಸರಿನ ಮುಂದೆ ನಿಂತ ಸಂಖ್ಯೆ 173.5. ಇದನ್ನು ಒಪ್ಪಿದರೆ ಬ್ರೂಸ್ ಸ್ಮಿತ್‌ರ 200, ರೆಜಿ ವೈಟ್‌ರ 198ರ ನಂತರ ಮೂರನೇ ಸ್ಥಾನ ಅವರದು. ಸ್ವಾರಸ್ಯವೆಂದರೆ ಎಣಿಕೆ ಅವರಿಗೆ ಕೊಟ್ಟಂತೆಯೇ ಕಿತ್ತುಕೊಂಡಿತು ಕೂಡ. 1967ರ ಒಂದೇ ಋತುವಿನಲ್ಲಿ 26 ಸ್ಯಾಕ್ ಎಂಬ ಮಾತು ದಶಕಗಳ ಕಾಲ ಚಾಲ್ತಿಯಲ್ಲಿತ್ತು. ಹಾಳೆ ಹಾಳೆ ತಿರುವಿ ನೋಡಿದಾಗ ಸಿಕ್ಕದ್ದು 21.5. ಬಾಯಿಮಾತಿನ ಲೆಕ್ಕ ಬೆಳೆಯುತ್ತ ಹೋಗುತ್ತದೆ, ಅದು ಅದರ ಸ್ವಭಾವ. ಆದರೂ 1964 ಮತ್ತು 1968ರಲ್ಲಿ ತಲಾ 22 ಉಳಿದವು. ಅದೂ ಋತುವಿಗೆ 14 ಪಂದ್ಯಗಳಿದ್ದ ಕಾಲದಲ್ಲಿ.

ಇದನ್ನು ಬಹಳ ವರ್ಷ ನಿಂತಿದ್ದ ಅಧಿಕೃತ ದಾಖಲೆಯ ಪಕ್ಕ ಇಟ್ಟು ನೋಡಿ. 1984ರಲ್ಲಿ ಮಾರ್ಕ್ ಗ್ಯಾಸ್ಟಿನೊ ಮಾಡಿದ 22ನ್ನು 2001ರ ಋತುವಿನಲ್ಲಿ ಮೈಕಲ್ ಸ್ಟ್ರಾಹನ್ 22.5ಕ್ಕೆ ಏರಿಸಿದರು. ಇಬ್ಬರಿಗೂ ಸಿಕ್ಕದ್ದು 16 ಪಂದ್ಯಗಳ ಋತು. ಸ್ಟ್ರಾಹನ್‌ರ ಕೊನೆಯ ಸ್ಯಾಕ್‌ನಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾವ್ರ್ ಬೇಕೆಂದೇ ಅವರ ಮುಂದೆ ಜಾರಿ ಬಿದ್ದರು ಎಂಬ ಅನುಮಾನ ಇಂದಿಗೂ ಹೋಗಿಲ್ಲ. ಆ ಫಿಲ್ಮ್ ನೋಡಿದರೆ ಅನುಮಾನಿಸುವವರನ್ನು ತಪ್ಪೆನ್ನಲೂ ಆಗದು. 2021ರಲ್ಲಿ ಟಿ.ಜೆ. ವ್ಯಾಟ್ ಅದನ್ನು ಸರಿಗಟ್ಟುವಾಗ ಋತು 17 ಪಂದ್ಯಗಳಿಗೆ ಹಿಗ್ಗಿತ್ತು. ಜೋನ್ಸ್ ಕಾಲದಲ್ಲಿ ಚೆಂಡು ಎಸೆಯುವುದೂ ಈಗಿಗಿಂತ ಕಡಿಮೆ. ಎಸೆಯಲು ನಿಂತರೆ ತಾನೇ ಕೆಡವುವುದು?

ಹಾಗೆಂದು ತಕ್ಕಡಿ ಪೂರ್ತಿ ಒಂದೇ ಕಡೆ ವಾಲುವುದಿಲ್ಲ. ಗೋಡೆಯವರು ಕೈ ಚಾಚಿ, ಅಂಗೈ ತೆರೆದು ತಡೆಯಲು ಲೀಗ್ ಬಿಟ್ಟದ್ದು 1978ರಲ್ಲಿ. ಅದಕ್ಕೂ ಮೊದಲು ಮುಷ್ಟಿ ಕಟ್ಟಿ ಎದೆಗವಚಿಕೊಂಡು, ಬರೀ ಮೈಯಿಂದ ಜೋನ್ಸ್‌ರಂಥವರನ್ನು ತಡೆಯಬೇಕಿತ್ತು, ಮೇಲೆ ಕಪಾಳಕ್ಕೆ ಏಟು ಬೇರೆ. ಇಷ್ಟೆಲ್ಲ ಆದರೂ ಲೀಗ್ ಹಳೆಯ ಲೆಕ್ಕವನ್ನು ಒಪ್ಪದಿರಲು ಒಳ್ಳೆಯ ಕಾರಣ ನನಗೆ ಕಾಣುವುದಿಲ್ಲ. ಹಾಳೆಗಳು ಅವರವೇ, ಪಂದ್ಯಗಳೂ ಅವರವೇ. ‘ಸಂಶೋಧಕರ ಎಣಿಕೆ’ ಎಂದು ಒಂದು ಅಡಿಟಿಪ್ಪಣಿ ಹಾಕಿದ್ದರೂ ಸಾಕಿತ್ತು.

ಬದಲಿಗೆ ಕೊಟ್ಟದ್ದು ಗೌರವ. 1980ರಲ್ಲಿ, ಅರ್ಹರಾದ ಮೊದಲ ವರ್ಷವೇ ಒಹಾಯೊದ ಕ್ಯಾಂಟನ್‌ನಲ್ಲಿರುವ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. 2009ರಲ್ಲಿ ರ‍್ಯಾಮ್ಸ್ ಅವರ 75ನೇ ನಂಬರಿನ ಜೆರ್ಸಿಯನ್ನು ನಿವೃತ್ತಗೊಳಿಸಿತು. 2013ರ ಜೂನ್ 3ರಂದು, 74ನೇ ವಯಸ್ಸಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಲೀಗ್ ಡೀಕನ್ ಜೋನ್ಸ್ ಪ್ರಶಸ್ತಿ ಶುರುಮಾಡಿತು. ಋತುವಿನಲ್ಲಿ ಅತಿ ಹೆಚ್ಚು ಸ್ಯಾಕ್ ಮಾಡಿದವನಿಗೆ ಅದು ಸಲ್ಲುತ್ತದೆ. ಮೊದಲು ಪಡೆದವರು ಇಂಡಿಯಾನಾಪೊಲಿಸ್‌ನ ರಾಬರ್ಟ್ ಮ್ಯಾಥಿಸ್, 19.5 ಸ್ಯಾಕ್‌ಗಳಿಗೆ.

1972ರಲ್ಲಿ ರ‍್ಯಾಮ್ಸ್ ಅವರನ್ನು ಸ್ಯಾನ್ ಡಿಯಾಗೊ ತಂಡಕ್ಕೆ ಸಾಗಹಾಕಿತ್ತು. ಅಲ್ಲಿ ಎರಡು ವರ್ಷ, ಆಮೇಲೆ ಹಳೆಯ ಗುರು ಆಲನ್ ಇದ್ದ ವಾಷಿಂಗ್ಟನ್‌ನಲ್ಲಿ ಒಂದು ವರ್ಷ. 14 ಋತುಗಳಲ್ಲಿ 191 ಪಂದ್ಯ, ತಪ್ಪಿಸಿಕೊಂಡದ್ದು ಬರೀ ಐದು. 1974ರ ಕೊನೆಯ ಪಂದ್ಯದಲ್ಲಿ, ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿ ಟಚ್‌ಡೌನ್ ಆದ ಮೇಲಿನ ಹೆಚ್ಚುವರಿ ಅಂಕಕ್ಕೆ ಚೆಂಡು ಒದೆಯಲು ಒದೆಯುವ ಆಟಗಾರನ ಬದಲು ಜೋನ್ಸ್‌ರನ್ನು ಕಳಿಸಿದರು. ಮುದಿ ದೈತ್ಯ ಓಡಿಬಂದು ಒದ್ದರು, ಚೆಂಡು ಕಂಬಗಳ ನಡುವೆ ಹೋಯಿತು. ಆ ಒಂದು ಅಂಕ ಎನ್‌ಎಫ್‌ಎಲ್‌ನ ಅಧಿಕೃತ ದಾಖಲೆಯಲ್ಲಿದೆ.