ಬಾನೆಟ್ ಮೇಲೆ ಗುಳ್ಳೆ, ಡಿಸ್ಟ್ರಿಬ್ಯೂಟರ್ ಪಕ್ಕದಲ್ಲಿ ತೂತು

ಬಾನೆಟ್ ಬಣ್ಣ ಎರಡನೇ ಸಲ ಗುಳ್ಳೆ ಎದ್ದ ಮೇಲೆ ಆ ಹಳೇ ಕಾರು ನನ್ನ ಹತ್ತಿರ ಬಂತು. ಮಾಲೀಕರಿಗೆ ಅದು ಅವರ ತಂದೆಯಿಂದ ಬಂದ ಗಾಡಿ. "ಪೇಂಟ್ ಮಾಡಿದವರದೇ ತಪ್ಪು ಸಾರ್, ಟೆಂಪರೇಚರ್ ಮುಳ್ಳು ಯಾವತ್ತೂ ಅರ್ಧ ದಾಟಿಲ್ಲ" ಎಂದರು. ದನಿಯಲ್ಲಿ ನೋವಿತ್ತು.

ಆ ಮುಳ್ಳು ತೋರಿಸುವುದು ನೀರಿನ ಬಿಸಿ ಮಾತ್ರ. ನೀರು 85 ಡಿಗ್ರಿಯಲ್ಲಿ ತಣ್ಣಗೆ ಕೂತಿರುವಾಗಲೇ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಂದ ಉರಿದ ಹೊಗೆ ಹೊರಗೆ ಒಯ್ಯುವ ಕಬ್ಬಿಣದ ಕೊಳವೆ) 500 ಡಿಗ್ರಿ ದಾಟಿರಬಹುದು. ಅದು ಮುಳ್ಳಿಗೆ ಗೊತ್ತೇ ಆಗುವುದಿಲ್ಲ.

ಹಾಗಂತ ಎಲ್ಲ ಗುಳ್ಳೆಗೂ ಎಂಜಿನ್ ಕಾರಣವಲ್ಲ. ಬಾಗಿಲು, ಡಿಕ್ಕಿ ಮೇಲೂ ಎದ್ದಿದ್ದರೆ ಬಣ್ಣದ ಕೆಳಗೆ ತೇವವೋ ಥಿನ್ನರೋ ಸಿಕ್ಕಿಕೊಂಡಿರುತ್ತದೆ. ಅದು ಪೇಂಟ್ ಕೆಲಸದ ದೋಷ. ನಾನು ಗುಳ್ಳೆ ಇರುವ ಜಾಗದ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ, ಅಳತೆ ಹಿಡಿದು, ಬಾನೆಟ್ ಎತ್ತಿ ಕೆಳಗಿನಿಂದ ನೋಡುತ್ತೇನೆ. ಗುರುತು ನೇರ ಮ್ಯಾನಿಫೋಲ್ಡ್ ಮೇಲೆ ಬಂದು, ಒಳಮೈ ಬಣ್ಣವೂ ಕಂದಿದ್ದರೆ ಅನುಮಾನ ಬೇಡ. ಈ ಕಾರಿನಲ್ಲಿ ಹಾಗೇ ಇತ್ತು.

ಆಮೇಲೆ ಅಳೆಯಬೇಕು. ಇನ್ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಲೋಹದ ಮೇಲೆ ಕಡಿಮೆ ತೋರಿಸುತ್ತದೆ. ಹೊಳಪಿರುವ ಕಡೆ ಶಾಖ ತಾಳುವ ಮ್ಯಾಟ್ ಕಪ್ಪು ಬಣ್ಣದ ಒಂದು ಚುಕ್ಕೆ ಇಟ್ಟು ಅಲ್ಲಿ ಅಳೆಯಿರಿ. ಅರ್ಧ ಗಂಟೆ ಓಡಿಸಿ ಒಂದು ಸಲ, ಎಂಜಿನ್ ಆಫ್ ಮಾಡಿದ ಹತ್ತು ನಿಮಿಷಕ್ಕೆ ಇನ್ನೊಂದು ಸಲ. ಎರಡನೆಯದನ್ನು ತುಂಬಾ ಜನ ಬಿಡುತ್ತಾರೆ. ಗಾಡಿ ನಿಂತಾಗ ಗಾಳಿಯೂ ನಿಲ್ಲುತ್ತದೆ, ಕಾದ ಕಬ್ಬಿಣದ ಶಾಖವೆಲ್ಲ ಮೇಲೇರಿ ಬಾನೆಟ್ ಹಿಡಿಯುತ್ತದೆ. ಬಿಸಿಲಲ್ಲಿ ನಿಲ್ಲಿಸಿದ್ದರೆ ಇನ್ನೂ ಜಾಸ್ತಿ. ಹಳೇ ಲ್ಯಾಕರ್ ಬಣ್ಣ ಬಿಸಿಗೆ ಮೆತ್ತಗಾಗುವ ಜಾತಿ, ಅದನ್ನು ಮರೆಯಬಾರದು.

ಬಿಸಿ ಎಲ್ಲಿಂದ? ನಾನು ಮೊದಲು ಕೈ ಹಾಕುವುದು ಕಿಡಿ ಹಾರುವ ಹೊತ್ತಿಗೆ, ಅಂದರೆ ಟೈಮಿಂಗ್‌ಗೆ. ಕಿಡಿ ತಡವಾದರೆ ಪೆಟ್ರೋಲ್ ಸಿಲಿಂಡರ್ ಒಳಗೇ ಉರಿದು ಮುಗಿಯುವುದಿಲ್ಲ. ಅಷ್ಟರಲ್ಲಿ ಎಕ್ಸಾಸ್ಟ್ ವಾಲ್ವ್ ತೆರೆದುಬಿಡುತ್ತದೆ. ಪಿಸ್ಟನ್ ತಳ್ಳಬೇಕಿದ್ದ ಶಾಖ ಮ್ಯಾನಿಫೋಲ್ಡ್ ಸೇರುತ್ತದೆ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಎಂಬ ಸ್ವಿಚ್ಚಿನ ಹೀಲ್ (ಉಜ್ಜುವ ತುದಿ) ಸವೆದು ಗ್ಯಾಪ್ ಕಡಿಮೆಯಾದರೂ ಕಿಡಿ ತಡವಾಗುತ್ತದೆ.

ಈ ಕಾರಿನಲ್ಲಿ ಪಾಯಿಂಟ್ ಸರಿಯಿತ್ತು. ಐಡಲ್‌ನಲ್ಲಿ ಟೈಮಿಂಗ್ ಲೈಟ್ ಹಿಡಿದರೆ ಗುರುತೂ ಸರಿಯಾಗಿಯೇ ಬಂತು. ಆದರೆ ಆ ಟೈಮಿಂಗ್ ನೋಡುವುದು ವ್ಯಾಕ್ಯೂಮ್ ಪೈಪ್ ಕಳಚಿಟ್ಟು, ಅಲ್ವಾ? ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ನಿನ ಎಳೆತದಿಂದ ಕಿಡಿಯನ್ನು ಬೇಗ ಹಾರಿಸುವ, ಡಿಸ್ಟ್ರಿಬ್ಯೂಟರ್ ಪಕ್ಕದ ಡಬ್ಬಿ) ಸತ್ತಿದ್ದರೆ ಅಲ್ಲಿ ಗೊತ್ತಾಗುವುದಿಲ್ಲ. ಪೈಪಿನ ತುದಿಗೆ ಬಾಯಿಟ್ಟು ಎಳೆದೆ. ಒಳಗಿನ ರಬ್ಬರ್ ಪೊರೆ, ಅಂದರೆ ಡಯಾಫ್ರಮ್, ಚೆನ್ನಾಗಿದ್ದರೆ ಎಳೆತ ನಿಲ್ಲಬೇಕು. ಗಾಳಿ ಸುಮ್ನೆ ಬರುತ್ತಲೇ ಇತ್ತು. ರಬ್ಬರ್ ಹರಿದಿತ್ತು. ಒಂದೇ ವೇಗದಲ್ಲಿ ಓಡುವಾಗ ಬೇಕಾದ ಹೆಚ್ಚುವರಿ ಅಡ್ವಾನ್ಸ್ ಸಿಗುತ್ತಿರಲಿಲ್ಲ. ಜೊತೆಗೆ ಆ ತೂತಿನಿಂದ ಗಾಳಿ ನುಗ್ಗಿ ಮಿಕ್ಸ್ಚರ್ ಲೀನ್ ಆಗುತ್ತಿತ್ತು, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಪಾಲು ಕಡಿಮೆಯಾಗುತ್ತಿತ್ತು. ಎರಡೂ ಸೇರಿ ಮ್ಯಾನಿಫೋಲ್ಡ್ ಕಾಯಿಸಿದ್ದವು.

ಇಲ್ಲಿಗೇ ನಿಲ್ಲಿಸಲಿಲ್ಲ. ಹೊಗೆ ಸೋರುತ್ತಿದೆಯಾ ತಿಳಿಯಲು ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸುತ್ತ ಮಸಿ ಇದೆಯಾ, ತಣ್ಣನೆ ಸ್ಟಾರ್ಟ್ ಮಾಡಿದಾಗ ಟಕ್ ಟಕ್ ಸದ್ದು ಬರುತ್ತಾ ಎಂದು ನೋಡಿದೆ. ಇರಲಿಲ್ಲ. ಸೈಲೆನ್ಸರ್ ಕಟ್ಟಿಕೊಂಡಿರಲಿಲ್ಲ. ಆದರೆ ಮ್ಯಾನಿಫೋಲ್ಡ್ ಮೇಲಿನ ಹೀಟ್ ಶೀಲ್ಡ್ ತಗಡು ಮಾಯವಾಗಿತ್ತು. ಹಿಂದೆ ಯಾವಾಗಲೋ ಯಾರೋ ಬಿಚ್ಚಿದವರು ಮತ್ತೆ ಹಾಕಿಲ್ಲ. ನನಗೆ ಇದು ತುಂಬಾ ಬೇಜಾರು ತರಿಸುವ ವಿಷಯ. ಕಾರು ಕಟ್ಟಿದವರು ಆ ತಗಡನ್ನು ಅಂದಕ್ಕೆ ಇಟ್ಟಿರಲಿಲ್ಲ.

ವ್ಯಾಕ್ಯೂಮ್ ಯೂನಿಟ್ ಬದಲಿಸಿ, ತಗಡು ಮಾಡಿಸಿ ಕೂರಿಸಿದೆ. ಎರಡು ವಾರ ಹಾಗೇ ಓಡಿಸಿ, ಅದೇ ರಸ್ತೆಯಲ್ಲಿ ಅದೇ ಜಾಗಗಳಲ್ಲಿ ಅಳೆಯಿರಿ ಎಂದೆ. ಮಾಲೀಕರು ಪ್ರತಿ ಸಲವೂ ಬರೆದಿಟ್ಟುಕೊಂಡು ಬಂದರು. ಮ್ಯಾನಿಫೋಲ್ಡ್ ಮೇಲಿನ ಆ ಜಾಗ ಈಗ ಬಾನೆಟ್‌ನ ಉಳಿದ ಭಾಗಕ್ಕಿಂತ ಸ್ವಲ್ಪ ಮಾತ್ರ ಬಿಸಿ. ಅಲ್ಲಿನ ಹಳೇ ಪುಟ್ಟಿಯನ್ನೂ ಬಾನೆಟ್ ತಗಡಿನವರೆಗೆ ತೆಗೆಸಿ ಹೊಸದಾಗಿ ಶುರು ಮಾಡಿ ಎಂದು ಹೇಳಿ, ಅದೇ ಪೇಂಟರ್ ಹತ್ತಿರ ಕಳಿಸಿದೆ.