ಒಂದೇ ಬೆರಳು, ಐದು ಬೆಲ್ಲು

"ಡೋಪಮಿನ್ ಡೀಟಾಕ್ಸ್" ಅನ್ನೋ ಮಾತು ಕೇಳಿದಾಗೆಲ್ಲ ನಂಗೆ ಮೈ ಉರಿಯುತ್ತೆ. ಒಂದು ದಿನ ಫೋನ್ ಮುಟ್ಟದೆ ಕೂತ್ರೆ ಮೆದುಳಿಂದ ಡೋಪಮಿನ್ (ಮೆದುಳಿನ ಕೋಶಗಳು ಒಂದಕ್ಕೊಂದು ಸಂದೇಶ ಕಳಿಸೋಕೆ ಬಳಸೋ ಕೆಮಿಕಲ್) ತೊಳ್ಕೊಂಡು ಹೋಗುತ್ತಂತೆ! ಫೋನ್ ಪಕ್ಕಕ್ಕಿಡಿ, ಬೇಡ ಅನ್ನಲ್ಲ, ಆದ್ರೆ ಡೋಪಮಿನ್ ನಿಜವಾಗ್ಲೂ ಖಾಲಿಯಾದ್ರೆ ಏನಾಗುತ್ತೆ ಅಂತ 1957ರಲ್ಲೇ ಮೊಲಗಳು ತೋರಿಸಿವೆ. ಸ್ವೀಡನ್ನಿನ ವಿಜ್ಞಾನಿ ಅರ್ವಿಡ್ ಕಾರ್ಲ್ಸನ್ ಅವಕ್ಕೆ ರಿಸರ್ಪಿನ್ ಕೊಟ್ರು (ಸರ್ಪಗಂಧದ ಬೇರಿನ ಔಷಧಿ ಅದು, ಮೆದುಳಿನ ಡೋಪಮಿನ್ ಖಾಲಿ ಮಾಡುತ್ತೆ), ಮೊಲಗಳು ಕಿವಿ ಜೋಲುಬಿಟ್ಕೊಂಡು ಅಲ್ಲಾಡದೆ ಬಿದ್ಕೊಂಡ್ವು. ಆಮೇಲೆ ಎಲ್-ಡೋಪಾ ಚುಚ್ಚಿದ್ರೆ ಸ್ವಲ್ಪ ಹೊತ್ತಲ್ಲೇ ಎದ್ದು ಓಡಾಡಿದ್ವು. ಮೆದುಳಲ್ಲಿ ಆ ಎಲ್-ಡೋಪಾನೇ ಡೋಪಮಿನ್ ಆಗೋದು.

"ಖುಷಿಯ ಕೆಮಿಕಲ್" ಅನ್ನೋದು ಇನ್ನೊಂದು ತಪ್ಪು. ಡೋಪಮಿನ್‌ಗೆ ತನ್ನದೇ ಅಂತ ಯಾವ ಅರ್ಥವೂ ಇಲ್ಲ, ಅರ್ಥ ಇರೋದು ಕೋಶದ ಮೇಲೆ ಕೂತು ಅದರ ಸಂದೇಶ ಹಿಡಿಯೋ ರಿಸೆಪ್ಟರ್‌ನಲ್ಲಿ. ಇದಕ್ಕೆ ಎಲ್ಲರೂ ಬೀಗ-ಕೀಲಿಕೈ ಹೋಲಿಕೆ ಕೊಡ್ತಾರೆ, ನಂಗದು ಸೇರಲ್ಲ. ಕೀಲಿ ತಿರುಗಿಸಿದ್ಮೇಲೆ ನಾವು ಒಳಗೆ ಹೋಗ್ತೀವಿ, ಆದ್ರೆ ಡೋಪಮಿನ್ ರಿಸೆಪ್ಟರ್ ಮುಟ್ಟಿ ಹೊರಗೇ ಉಳಿಯುತ್ತೆ. ಕಾಲಿಂಗ್ ಬೆಲ್ ಅನ್ನಿ. ಬೆರಳು ಒಂದೇ, ಬೆಲ್ಲು ಐದು ಥರ, ಡಿ1ರಿಂದ ಡಿ5ರವರೆಗೆ. ಡಿ1, ಡಿ5 ಬೆಲ್ ಒತ್ತಿದ್ರೆ ಕೋಶದೊಳಗೆ ಸುದ್ದಿ ಮುಟ್ಟಿಸೋ ಸೈಕ್ಲಿಕ್ ಎಎಂಪಿ ಅನ್ನೋ ಕೆಮಿಕಲ್ ಏರುತ್ತೆ, ಡಿ2, ಡಿ3, ಡಿ4 ಒತ್ತಿದ್ರೆ ಇಳಿಯುತ್ತೆ. ಒಂದು ಮನೇಲಿ ಬೆಲ್ ಕೇಳಿ ದೀಪ ಹಚ್ತಾರೆ, ಪಕ್ಕದ ಮನೇಲಿ ಅದೇ ಬೆರಳು ಒತ್ತಿದ ಬೆಲ್ ಕೇಳಿ ದೀಪ ಆರಿಸ್ತಾರೆ!

ಮೆದುಳಲ್ಲಿ ಚಲನೆ ನೋಡ್ಕೊಳ್ಳೋ ಸ್ಟ್ರಯೇಟಮ್ ಅನ್ನೋ ಜಾಗದಲ್ಲಿ ಇದರ ಚಂದ ನೋಡ್ಬೇಕು. ಅಲ್ಲಿ ಡಿ1 ಇರೋ ಕೋಶಗಳು ಚಲನೆಗೆ ಆಕ್ಸಿಲರೇಟರ್ ಇದ್ದ ಹಾಗೆ, ಡಿ2 ಇರೋವು ಬ್ರೇಕ್. ಡೋಪಮಿನ್ ಬಂದ್ರೆ ಆಕ್ಸಿಲರೇಟರ್ ಒತ್ತುತ್ತೆ, ಜೊತೆಗೇ ಬ್ರೇಕಿನ ಮೇಲಿರೋ ಕಾಲನ್ನೂ ಎತ್ತಿಸುತ್ತೆ, ಅಂದ್ರೆ ಎರಡು ವಿರುದ್ಧ ಸಂದೇಶ ಸೇರಿ ಕೆಲಸ ಒಂದೇ ದಿಕ್ಕಿಗೆ. ಪಾರ್ಕಿನ್ಸನ್ಸ್‌ನಲ್ಲಿ ಡೋಪಮಿನ್ ತಯಾರಿಸೋ ಕೋಶಗಳು ಸಾಯೋದ್ರಿಂದ ಎರಡೂ ಒಟ್ಟಿಗೆ ಕೈಕೊಡುತ್ತೆ: ಆಕ್ಸಿಲರೇಟರ್ ಒತ್ತೋರಿಲ್ಲ, ಬ್ರೇಕಿನ ಮೇಲಿನ ಕಾಲು ಏಳಲ್ಲ, ಅದಕ್ಕೇ ಆ ಕಾಯಿಲೆಯವರ ಚಲನೆ ನಿಧಾನವಾಗೋದು. ಇನ್ನೊಂದು ತಮಾಷೆ, ಡೋಪಮಿನ್ ಬಿಡೋ ಕೋಶದ ಮೇಲೂ ಡಿ2 ಇರುತ್ತೆ, ತನ್ನ ದನಿ ತಾನೇ ಕೇಳಿಸ್ಕೊಂಡು ಮೆಲ್ಲಗೆ ಮಾತಾಡೋರ ಹಾಗೆ. ಬೆಲ್ಲಿನ ಒಳಗಡೆ ಏನಾಗುತ್ತೆ ಅಂತ ಬಿಡಿಸಿದ ಪಾಲ್ ಗ್ರೀನ್‌ಗಾರ್ಡ್, ಎರಿಕ್ ಕ್ಯಾಂಡೆಲ್ ಜೊತೆ ಕಾರ್ಲ್ಸನ್‌ಗೆ 2000ದಲ್ಲಿ ನೊಬೆಲ್ ಬಂತು, ಮೊಲಗಳ ಪ್ರಯೋಗ ಆಗಿ ನಲವತ್ಮೂರು ವರ್ಷಕ್ಕೆ!

ಇಷ್ಟಾದ್ರೂ ಖುಷಿಯ ಕೆಮಿಕಲ್ಲೇ ಅನ್ನೋರಿಗೆ ವಾಂತಿಯ ಕಥೆ ಹೇಳ್ಬೇಕು. ಮೆದುಳಿನ ಬುಡದಲ್ಲಿ ವಾಂತಿ ಬರಿಸೋ ಒಂದು ಜಾಗ ಇದೆ, ಅಲ್ಲೂ ಡಿ2 ಇದೆ. ಹಾಗಾಗಿ ಪಾರ್ಕಿನ್ಸನ್ಸ್‌ಗೆ ಎಲ್-ಡೋಪಾ ಶುರು ಮಾಡಿದೋರಿಗೆ ಹೊಟ್ಟೆ ತೊಳಸೋದು ಸಾಮಾನ್ಯ. ಅದಕ್ಕೆ ಕೆಲವು ಕಡೆ ಡಾಕ್ಟರು ಡೋಂಪೆರಿಡೋನ್ ಕೊಡ್ತಾರೆ, ಅದು ಡಿ2 ಬೆಲ್ಲನ್ನ ಮುಚ್ಚೋ ಮಾತ್ರೆ. ಅರೆ, ಒಂದು ಕೈಲಿ ಬೆಲ್ ಒತ್ತಿ ಇನ್ನೊಂದು ಕೈಲಿ ಮುಚ್ಚೋದಾ? ಹೌದು. ರಕ್ತಕ್ಕೂ ಮೆದುಳಿಗೂ ಮಧ್ಯೆ ಇರೋ ತಡೆಗೋಡೆಯನ್ನ ಡೋಂಪೆರಿಡೋನ್ ಹೆಚ್ಚಾಗಿ ದಾಟಲ್ಲ, ವಾಂತಿಯ ಜಾಗ ಇರೋದು ಗೋಡೆಯ ಹೊರಗೆ, ಸ್ಟ್ರಯೇಟಮ್ ಇರೋದು ಗೋಡೆಯ ಒಳಗೆ. ಮೆಟೊಕ್ಲೊಪ್ರಮೈಡ್ ಅನ್ನೋ ಇನ್ನೊಂದು ವಾಂತಿ ಮಾತ್ರೆ ಮಾತ್ರ ಗೋಡೆ ದಾಟಿ ಒಳಗಿನ ಬೆಲ್ಲನ್ನೂ ಮುಚ್ಚುತ್ತೆ, ಅದಕ್ಕೇ ಪಾರ್ಕಿನ್ಸನ್ಸ್ ಇರೋರಿಗೆ ಅದನ್ನ ಕೊಡಲ್ಲ.