ಗೌಟ್: ಯೂರಿಕ್ ಆಸಿಡ್ ಇಳಿಸಿದರೆ ಕಾಲು ಊದೋದು ಯಾಕೆ?

ಗೌಟ್ ಅಂದರೆ ಯೂರಿಕ್ ಆಸಿಡ್ ಕೀಲಿನಲ್ಲಿ ಹರಳುಗಟ್ಟಿ ಬರೋ ಊತ, ನೋವು. ಪ್ಯೂರಿನ್ (ನಮ್ಮ ಜೀವಕೋಶದಲ್ಲೂ ಆಹಾರದಲ್ಲೂ ಇರೋ ವಸ್ತು) ಒಡೆದು ಹೈಪೊಕ್ಸಾಂಥಿನ್, ಆಮೇಲೆ ಕ್ಸಾಂಥಿನ್, ಕೊನೆಗೆ ಯೂರಿಕ್ ಆಸಿಡ್. ಕೊನೆಯ ಎರಡೂ ಹೆಜ್ಜೆಗೆ ಕಿಣ್ವ ಒಂದೇ, ಕ್ಸಾಂಥಿನ್ ಆಕ್ಸಿಡೇಸ್. ಗೌಟ್‌ಗೆ ಕೊಡೋ ಅಲೋಪ್ಯುರಿನಾಲ್ ಮಾತ್ರೆ ತಡೆಯೋದು ಇದನ್ನೇ. ಬಹುತೇಕ ಸಸ್ತನಿಗಳಲ್ಲಿ ಯೂರಿಕೇಸ್ ಅನ್ನೋ ಕಿಣ್ವ ಯೂರಿಕ್ ಆಸಿಡನ್ನು ಇನ್ನೂ ಒಡೆಯುತ್ತೆ. ನಮ್ಮಲ್ಲಿ ಆ ಜೀನ್ ಕೆಟ್ಟು ಕೂತಿದೆ.

ಗೌಟ್‌ಗೆ ಕಾರಣ ಕೇಳಿದರೆ "ಮಾಂಸ, ಬಿಯರ್" ಅಂತ ಬರೆದು ಮುಗಿಸಬೇಡಿ. ಸುಮಾರು 90% ರೋಗಿಗಳಲ್ಲಿ ತೊಂದರೆ ಇರೋದು ಕಿಡ್ನಿ ಯೂರಿಕ್ ಆಸಿಡನ್ನು ಸಾಕಷ್ಟು ಹೊರಹಾಕದೆ ಇರೋದರಲ್ಲಿ. ಬಿಪಿಗೆ ಕೊಡೋ ಥಯಜೈಡ್ ಮಾತ್ರೆಯೂ ಹೀಗೇ ಅದು ಹೊರಹೋಗೋದನ್ನು ತಗ್ಗಿಸುತ್ತೆ. ಮನೆಯಲ್ಲಿ ಮೊದಲು ನಿಲ್ಲಿಸೋದು ಪಾಪ ತೊಗರಿಬೇಳೆ ಸಾರನ್ನ! ಬೇಳೆ, ಸೊಪ್ಪಿನ ಪ್ಯೂರಿನ್‌ನಿಂದ ಮಾಂಸದಷ್ಟು ಅಪಾಯ ಇಲ್ಲ.

ಈಗ ನಾನು ಎರಡು ದಿನ ಒದ್ದಾಡಿದ ಜಾಗ. ದೊಡ್ಡಪ್ಪನಿಗೆ ರಾತ್ರಿ ಎರಡು ಗಂಟೆಗೆ ಕಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿತ್ತು, ಹೊದಿಕೆ ತಾಕಿದರೂ ಚೀರುತ್ತಿದ್ದರು. ರಿಪೋರ್ಟ್‌ನಲ್ಲಿ ಯೂರಿಕ್ ಆಸಿಡ್ 5.9. ನಾರ್ಮಲ್! ಆಮೇಲೆ ಅಲೋಪ್ಯುರಿನಾಲ್ ಶುರು ಮಾಡಿದ ಮೇಲೆ ಮತ್ತೆ ನೋವು. ಮಾತ್ರೆಯೇ ತಪ್ಪು ಅಂದುಕೊಂಡೆ.

ಫ್ರಿಜ್‌ನಲ್ಲಿ ಮರೆತ ಜಾಮೂನು ಪಾಕ ನೆನೆಸಿಕೊಳ್ಳಿ. ತಣ್ಣಗಾದಷ್ಟೂ ತಳದಲ್ಲಿ ಸಕ್ಕರೆ ಹರಳುಗಟ್ಟುತ್ತೆ. ರಕ್ತದಲ್ಲಿ 6.8 ಮಿಗ್ರಾಂ/ಡೆಲಿ ದಾಟಿದರೆ ಯೂರೇಟ್‌ದೂ (ರಕ್ತದಲ್ಲಿ ಯೂರಿಕ್ ಆಸಿಡ್ ಇರೋ ರೂಪ) ಅದೇ ಕಥೆ. ದೇಹದಲ್ಲಿ ತಣ್ಣಗಿರೋ ತುದಿ ಹೆಬ್ಬೆರಳು. ಈಗ ಆ ಪಾಕಕ್ಕೆ ಬಿಸಿನೀರು ಹಾಕಿ. ಗಡ್ಡೆ ಒಂದೇ ಸಲ ಕರಗಲ್ಲ. ಮೊದಲು ಸಡಿಲಾಗಿ ಚೂರುಚೂರಾಗಿ ಮೇಲೇಳುತ್ತೆ. ಕೀಲಿನಲ್ಲೂ ಹಾಗೇ. ರಕ್ತದಲ್ಲಿ ಯೂರೇಟ್ ಇಳಿದಾಗ ಹಳೇ ಹರಳುಗಳು ಕಳಚಿ ಬೀಳುತ್ತವೆ, ಮ್ಯಾಕ್ರೊಫೇಜ್ ಅನ್ನೋ ರೋಗನಿರೋಧಕ ಕೋಶ ಅವನ್ನು ನುಂಗುತ್ತೆ, ಅದರೊಳಗೆ ಎನ್‌ಎಲ್‌ಆರ್‌ಪಿ3 ಅನ್ನೋ ಅಪಾಯಸೂಚಕ ಪ್ರೋಟೀನ್ ಎಚ್ಚೆತ್ತು, ಉರಿಯೂತ ಹಚ್ಚೋ ಐಎಲ್-1 ಬೀಟಾ ಸುರಿಯುತ್ತೆ. ಅಂದರೆ ನೋವು ಕೊಡೋದು ರಕ್ತದ ಅಂಕಿಯಲ್ಲ, ಕೀಲಿನ ಹರಳು. ಅದಕ್ಕೇ ಕಡಿಮೆ ಡೋಸ್‌ನಿಂದ ಶುರು, ಜೊತೆಗೆ 3ರಿಂದ 6 ತಿಂಗಳು ಉರಿಯೂತ ತಡೆಯೋ ಕಾಲ್ಚಿಸಿನ್, ಗುರಿ 6ಕ್ಕಿಂತ ಕೆಳಗೆ. ಆ 5.9? ಉರಿಯೂತದ ಹೊತ್ತಲ್ಲಿ ಕಿಡ್ನಿ ಹೆಚ್ಚು ಯೂರೇಟ್ ಹೊರಹಾಕುತ್ತೆ. ಅಟ್ಯಾಕ್ ಇಳಿದು ಎರಡು ವಾರ ಕಳೆದ ಮೇಲೆ ಮತ್ತೆ ನೋಡಬೇಕು.

ಗೌಟ್ ಖಚಿತ ಮಾಡೋಕೆ ಕೀಲಿನ ದ್ರವದ ಹರಳನ್ನು ಪೋಲರೈಸ್ಡ್ ಮೈಕ್ರೋಸ್ಕೋಪ್‌ನಲ್ಲಿ ನೋಡ್ತಾರೆ. ಅದರ ಬಣ್ಣ ನೆನಪಿಡೋಕೆ ನನ್ನ ಕಳ್ಳದಾರಿ: ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ 'ಯೆಲ್ಲೋ'ದ ಎರಡು ಎಲ್‌ಗಳು ಪಕ್ಕಪಕ್ಕ ನಿಂತಿವೆ, ಪ್ಯಾರಲಲ್ ಆಗಿ. (ಕನ್ನಡದಲ್ಲಿ ಬರೆದರೆ ಒಂದು ಒತ್ತಾಗಿ ಕೆಳಗೆ ಹೋಗುತ್ತೆ, ಕೆಲಸಕ್ಕೆ ಬರಲ್ಲ.) ಸೂಜಿಯಂಥ ಯೂರೇಟ್ ಹರಳು ಕಾಂಪೆನ್ಸೇಟರ್‌ನ (ಮೈಕ್ರೋಸ್ಕೋಪ್‌ಗೆ ಹಾಕೋ ಬಣ್ಣ ತೋರಿಸೋ ಫಿಲ್ಟರ್) ಸ್ಲೋ ಆಕ್ಸಿಸ್ ಅನ್ನೋ ಗುರುತಿನ ದಿಕ್ಕಿಗೆ ಪ್ಯಾರಲಲ್ ಇದ್ದಾಗ ಹಳದಿ, ಅಡ್ಡ ಇದ್ದಾಗ ನೀಲಿ. ಗೌಟ್ ಥರಾನೇ ಕಾಣೋ, ಆದರೆ ಕ್ಯಾಲ್ಸಿಯಂ ಹರಳಿನಿಂದ ಬರೋ ಸ್ಯೂಡೋಗೌಟ್‌ನಲ್ಲಿ ಬಣ್ಣ ಉಲ್ಟಾ, ಹರಳು ಕಲ್ಲುಸಕ್ಕರೆ ಚೂರಿನ ಹಾಗೆ ಮೊಂಡು.